ಕೊನೆಯ ಸಾಲಿಗೆ ತಾಗಿಸಿ ಹಾಕಿದ ಸಹಿ

ಮೊದಲಿಗೆ ಓದುಗರ ಕ್ಷಮೆ ಕೋರುತ್ತೇನೆ. ನಾನು ಬರೆಯುವುದನ್ನು ಕಲಿತದ್ದು ಕಚೇರಿಯಲ್ಲಿ. ತಿಳುವಳಿಕೆ ಪತ್ರ, ಹಿಂಬರಹ, ಜ್ಞಾಪನ, ಸಭೆಯ ನಡಾವಳಿ ಇವುಗಳ ಆಚೆಗೆ ನನ್ನ ಕೈ ಹೆಚ್ಚು ಓಡಿದ್ದಿಲ್ಲ. ನಮ್ಮ ಮನೆಯಲ್ಲಿ ಪದವಿಯವರೆಗೆ ಓದಿದವಳು ನಾನೇ ಮೊದಲಿಗಳಾದ್ದರಿಂದ ಬರೆದದ್ದನ್ನು ನೋಡಿ ತಿದ್ದಿಕೊಡುವವರೂ ಇಲ್ಲ. ಒಬ್ಬ ಮನುಷ್ಯನ ವಿಚಾರ ಬರೆಯುವಾಗ ಯಾವುದನ್ನು ಮೊದಲು ಹೇಳಬೇಕು, ಯಾವುದನ್ನು ಬಿಡಬೇಕು ಎಂಬುದು ನನಗೆ ತಿಳಿಯದು. ಇದರಲ್ಲಿ ಕೊರತೆಗಳಿದ್ದರೆ ಅವು ನನ್ನವು, ಅವರವಲ್ಲ.

ಹೋದ ತಿಂಗಳ ಸಾಮಾನ್ಯ ಸಭೆಯಲ್ಲಿ ಮೊದಲನೆಯ ವಿಷಯ ಅವರ ನಿಧನಕ್ಕೆ ಸಂತಾಪ. ಮಾಜಿ ಸದಸ್ಯರಾದ ಶ್ರೀಯುತರ ನಿಧನಕ್ಕೆ ಸಭೆಯು ಒಂದು ನಿಮಿಷ ಮೌನ ಆಚರಿಸಿ ಸಂತಾಪ ಸೂಚಿಸಿತು ಎಂದು ನಡಾವಳಿಯಲ್ಲಿ ನಾನೇ ಎರಡು ಸಾಲು ಬರೆದೆ. ಎರಡನೆಯ ವಿಷಯ ಬೀದಿ ನಾಯಿಗಳದ್ದು. ಎಲ್ಲವೂ ಕ್ರಮಬದ್ಧವಾಗಿಯೇ ಇತ್ತು. ಆದರೂ ಆ ಎರಡು ಸಾಲು ನನಗೆ ಸಾಲದೆ ಹೋದವು.

ಊರಿನ ಹೆಸರನ್ನಾಗಲಿ ಅವರ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಕೊಳ್ಳೇಗಾಲ, ಹನೂರು, ಯಳಂದೂರು ಮೂರು ಕಡೆಗೂ ಬಸ್ಸಿರುವ ಒಂದು ಪುಟ್ಟ ಪಟ್ಟಣ; ಅದಕ್ಕೊಂದು ಪಟ್ಟಣ ಪಂಚಾಯ್ತಿ; ಅಲ್ಲಿ ನಾನು ಹೊರಗುತ್ತಿಗೆಯ ಕಂಪ್ಯೂಟರ್ ಆಪರೇಟರ್. ಅವರು ನಮ್ಮ ವಾರ್ಡಿನ ಸದಸ್ಯರು, ಕಸುಬಿನಲ್ಲಿ ದರ್ಜಿ. ಊರಿನವರಿಗೆಲ್ಲ ಅವರು ಟೈಲರ್ ಮೆಂಬ್ರು. ಸಣ್ಣ ಆಳು, ಎಡಗಾಲು ಹೊಲಿಗೆ ಯಂತ್ರ ತುಳಿದು ತುಳಿದು ಕುಳಿತಲ್ಲಿಯೂ ಅಲುಗುತ್ತಿತ್ತು. ಕೊರಳಿನಲ್ಲಿ ಸದಾ ಅಳತೆಯ ಟೇಪು. ಸಭೆಗೆ ಬರುವಾಗ ಅದನ್ನು ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ತೆಗೆಯಲು ಮರೆತ ದಿನ ಉಳಿದ ಸದಸ್ಯರು ಇವತ್ತು ಯಾರ ಅಳತೆ ತೆಗೆಯಲು ಬಂದಿರಿ ಎಂದು ಕೇಳುತ್ತಿದ್ದರು. ಅವರು ನಕ್ಕು ಅದನ್ನು ಜೇಬಿಗೆ ಸೇರಿಸುತ್ತಿದ್ದರು.

ಅವರ ಅಂಗಡಿಯ ಬಾಗಿಲಿನ ಒಳಮೈಗೆ ಎರಡು ಹಾಳೆ ಅಂಟಿಸಿದ್ದರು. ಸಾಮಾನ್ಯವಾಗಿ ದರ್ಜಿಯ ಅಂಗಡಿಯಲ್ಲಿ ರವಿಕೆಯ ಮಾದರಿಗಳ ಚಿತ್ರಪಟ ಇರುತ್ತದೆ. ಇಲ್ಲಿ ಇದ್ದದ್ದು ಪಟ್ಟಣ ಪಂಚಾಯ್ತಿಯ ಕರ್ತವ್ಯಗಳು. ಒಂದು ಹಾಳೆಯಲ್ಲಿ ಮಾಡಲೇಬೇಕಾದವು: ಕುಡಿಯುವ ನೀರು, ಚರಂಡಿ, ಬೀದಿ ದೀಪ, ಕಸ, ಸ್ಮಶಾನ, ಜನನ ಮರಣದ ನೋಂದಣಿ. ಇನ್ನೊಂದರಲ್ಲಿ ಅನುಕೂಲವಿದ್ದರೆ ಮಾಡಬಹುದಾದವು: ಉದ್ಯಾನ, ವಾಚನಾಲಯ, ದಾರಿಯ ಬದಿಯ ಮರ. ಕಾಯಿದೆಯ ಪುಸ್ತಕ ನೋಡಿ ಯಾರ ಕೈಯಲ್ಲೋ ದೊಡ್ಡಕ್ಷರದಲ್ಲಿ ಬರೆಸಿದ್ದರು. ಬಸ್ ನಿಲ್ದಾಣದ ಮುಂದೆ ಕಾರಂಜಿ ಮಾಡಿಸಿ ಎಂದು ಯುವಕರು ಬಂದು ಕೇಳಿದರೆ, ಬಾಗಿಲು ಅರ್ಧ ಮುಚ್ಚಿ ಹಾಳೆ ತೋರಿಸುತ್ತಿದ್ದರು. ಅದು ಎರಡನೇ ಹಾಳೆಯದು, ಮೊದಲನೆಯದು ಇನ್ನೂ ಮುಗಿದಿಲ್ಲ ಎನ್ನುತ್ತಿದ್ದರು.

ತಮ್ಮಿಂದ ಆಗದ್ದನ್ನು ಹೇಳುವುದರಲ್ಲಿ ಅವರಿಗೆ ಸಂಕೋಚವಿರಲಿಲ್ಲ. ಒಮ್ಮೆ ರವಿಕೆ ಹೊಲಿಯಲು ಕೊಟ್ಟಿದ್ದ ಹೆಂಗಸೊಬ್ಬರು, ನಮ್ಮ ಬೀದಿಯ ದೀಪ ಉರಿಯುತ್ತಿಲ್ಲ, ನೀವೇ ಲೈನ್‌ಮ್ಯಾನಿಗೆ ಹೇಳಿ ಮಾಡಿಸಿ ಎಂದು ಜೋರು ಮಾಡಿದರು. ನಾನು ಆಗ ನನ್ನ ಬಟ್ಟೆ ತರಲು ಹೋಗಿದ್ದೆ.

"ಒಬ್ಬೊಬ್ರೇ ನಿಂತ್ಕಂಡ್ರ ನಾವು ಯಾರೂ ಅಲ್ಲ ಕಣವ್ವ" ಎಂದರು. "ಹದಿಮೂರು ಜನ ಕುಂತು ಒಪ್ದಾಗ ಮಾತ್ರ ಪಂಚಾಯ್ತಿ. ಈಗ ನಾನು ಬರೀ ಟೈಲರು."

"ಅಂಗಾದ್ರ ಓಟು ಟೈಲರಿಗ ಆಕಿದ್ದಾ ನಾನು?" ಎಂದು ಆ ಹೆಂಗಸು ಕೇಳಿದರು.

ಅವರು ಎದ್ದರು. ಯಂತ್ರಕ್ಕೆ ಹೊದಿಕೆ ಹಾಕಿ, ಆ ಹೆಂಗಸಿನ ಜೊತೆ ಕಚೇರಿಗೆ ನಡೆದು ಬಂದು, ಅರ್ಜಿ ಬರೆಸಿ, ಸ್ವೀಕೃತಿಯ ಮೊಹರು ಹಾಕಿಸಿಕೊಟ್ಟು ಹೋದರು. ದೀಪ ಮೂರನೆಯ ದಿನ ಉರಿಯಿತು.

ಸದಸ್ಯರಾದವರಿಗೆ ಕಾಮಗಾರಿಯನ್ನು ನೋಡಿ ಲೋಪವಿದ್ದರೆ ಬರೆದುಕೊಡುವ ಅಧಿಕಾರವಿದೆ. ಬಹುಪಾಲು ಸದಸ್ಯರು ಬೈಕಿನ ಮೇಲೆ ಕುಳಿತೇ ನೋಡುತ್ತಾರೆ. ಇವರು ಚರಂಡಿಯ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು ಕೊರಳಿನ ಟೇಪು ತೆಗೆದು ಅಳೆಯುತ್ತಿದ್ದರು. ಒಂದು ಸಲ ಎರಡು ಅಡಿ ಅಗಲ ಇರಬೇಕಾದ ಚರಂಡಿ ಇಪ್ಪತ್ತು ಇಂಚು ಬಂತು. ನಿಮ್ಮ ಟೇಪು ಹಳೆಯದು, ಎಳೆದೂ ಎಳೆದೂ ಉದ್ದವಾಗಿದೆ ಎಂದು ಗುತ್ತಿಗೆದಾರ ಹಾಸ್ಯ ಮಾಡಿದ. ಮರುದಿನ ಅವರು ಹೊಸ ಟೇಪು ತಂದರು. ಅದರ ಒಂದು ತುದಿಯನ್ನು ಆ ಗುತ್ತಿಗೆದಾರನ ಕೈಯಲ್ಲೇ ಹಿಡಿಸಿದರು. ಅರ್ಧ ಇಂಚು ಹೆಚ್ಚು ಬಂತು. ಆ ಅರ್ಧ ಇಂಚನ್ನು ಅವನ ಲೆಕ್ಕಕ್ಕೆ ಬಿಟ್ಟು, ಉಳಿದ ಕೊರತೆಯನ್ನು ಬರೆದುಕೊಟ್ಟರು. ಹಿಂದಿನ ದಿನ ತಾವು ಹೇಳಿದ ಅಳತೆ ಅರ್ಧ ಇಂಚು ತಪ್ಪಾಗಿತ್ತೆಂದು ಅದೇ ಪತ್ರದಲ್ಲಿ ಸೇರಿಸಿದರು.

ಅವರ ಅಂಗಡಿ ಪಂಚಾಯ್ತಿಯ ಮಳಿಗೆಯಲ್ಲಿತ್ತು. ಸಭೆಯಲ್ಲಿ ಮಳಿಗೆಗಳ ವಿಷಯ ಬಂದಾಗಲೆಲ್ಲ ಎದ್ದು ಹೊರಗೆ ಹೋಗುತ್ತಿದ್ದರು. ತನಗೆ ಲಾಭ ನಷ್ಟವಿರುವ ಮಾತು ನಡೆಯುವಾಗ ಸದಸ್ಯ ಅಲ್ಲಿರಬಾರದು ಎಂಬುದು ನಿಯಮ. ಆ ನಿಯಮ ಎಲ್ಲರಿಗೂ ಗೊತ್ತಿತ್ತು, ಎದ್ದು ಹೋಗುತ್ತಿದ್ದವರು ಇವರೊಬ್ಬರೇ. ಜಗಲಿಯಲ್ಲಿ ಬಾಗಿಲಿಗೆ ಬೆನ್ನು ಹಾಕಿ ನಿಂತಿರುತ್ತಿದ್ದರು. ಮುಗಿಯಿತು ಎಂದು ನಾನು ಹೋಗಿ ಕರೆದ ಮೇಲೆಯೇ ಒಳಗೆ ಬರುತ್ತಿದ್ದರು.

ಇನ್ನು ಅವರ ಸಹಿ. ಸಭೆಯ ಆರಂಭದಲ್ಲೇ ಹಾಜರಾತಿಗೂ ನಡಾವಳಿಗೂ ಒಟ್ಟಿಗೆ ಸಹಿ ಮಾಡಿಬಿಡುವುದು ಅಲ್ಲಿನ ರೂಢಿ. ನಿರ್ಣಯಗಳನ್ನು ಆಮೇಲೆ ನಿಧಾನವಾಗಿ ಬರೆದುಕೊಳ್ಳಬಹುದು. ಇವರು ಹಾಗೆ ಮಾಡುತ್ತಿರಲಿಲ್ಲ. ನಾನು ಬರೆದು ಮುಗಿಸುವವರೆಗೆ ಪಕ್ಕದ ಕುರ್ಚಿಯಲ್ಲಿ ಕಾಯುತ್ತಿದ್ದರು. ಪ್ರತಿಯೊಂದು ನಿರ್ಣಯವನ್ನೂ ಬೆರಳಿಟ್ಟು ಓದಿ, ಕೊನೆಯ ಸಾಲಿನ ಕೊನೆಯ ಅಕ್ಷರಕ್ಕೆ ತಾಗುವಂತೆ ಸಹಿ ಹಾಕಿ, ಪುಟದಲ್ಲಿ ಉಳಿದ ಖಾಲಿ ಜಾಗಕ್ಕೆ ಓರೆಯಾಗಿ ಒಂದು ಗೆರೆ ಎಳೆಯುತ್ತಿದ್ದರು. ಹೊಲಿಗೆ ಮುಗಿದ ಕಡೆ ಗಂಟು ಹಾಕದಿದ್ದರೆ ಬಟ್ಟೆ ಅಲ್ಲಿಂದಲೇ ಬಿಚ್ಚಿಕೊಳ್ಳುತ್ತದೆ ಎಂಬುದು ಅವರು ಕೊಡುತ್ತಿದ್ದ ಕಾರಣ. ಸೇರಿದ ಹೊಸದರಲ್ಲಿ ನನಗೆ ಅದು ನನ್ನ ಮೇಲಿನ ಅಪನಂಬಿಕೆಯಂತೆ ಕಂಡು ಬೇಸರವಾಗಿತ್ತು.

ನಮ್ಮ ಬೀದಿಯ ನೀರಿನ ವಿಚಾರವನ್ನು ಈಗ ಹೇಳಬೇಕು.

ನಮ್ಮದು ಪಟ್ಟಣದ ಅಂಚಿನ ಓಣಿ. ಮುಖ್ಯ ಕೊಳವೆ ದೊಡ್ಡ ರಸ್ತೆಯವರೆಗೆ ಬಂದು ನಿಂತಿತ್ತು. ನಾವು ರಸ್ತೆ ದಾಟಿ, ತೊಂಬೆ ಎನ್ನುವ ಸಾರ್ವಜನಿಕ ನೀರಿನ ತೊಟ್ಟಿಯಿಂದ ನೀರು ಹೊತ್ತು ತರಬೇಕಿತ್ತು. ಆ ವರ್ಷ ನಮ್ಮವ್ವನ ಮೊಣಕಾಲು ಊದಿಕೊಂಡು, ಕಾಮಗೆರೆಯ ಆಸ್ಪತ್ರೆಯಲ್ಲಿ ಇನ್ನು ಬಿಂದಿಗೆ ಎತ್ತಕೂಡದು ಎಂದು ಹೇಳಿ ಕಳಿಸಿದ್ದರು. ನೀರು ಬಿಡುತ್ತಿದ್ದುದು ದಿನ ಬಿಟ್ಟು ದಿನ, ಬೆಳಿಗ್ಗೆ ಹತ್ತರ ಮೇಲೆ. ಆ ಹೊತ್ತಿಗೆ ಅಪ್ಪ ಬಾಳೆ ಮಂಡಿಯಲ್ಲಿ ಗೊನೆ ಇಳಿಸುತ್ತಿರುತ್ತಿದ್ದರು, ನಾನು ಕಚೇರಿಯಲ್ಲಿ. ಉಳಿದವಳು ತಂಗಿ. ಅವಳು ಕೊಳ್ಳೇಗಾಲದಲ್ಲಿ ಎರಡನೇ ಪಿಯುಸಿ ಓದುತ್ತಿದ್ದಳು. ನೀರು ಬಿಡುವ ದಿನ ಅವಳು ಕಾಲೇಜಿಗೆ ಹೋಗುತ್ತಿರಲಿಲ್ಲ. ಹಾಜರಾತಿ ಇನ್ನು ಕೆಲವೇ ದಿನ ತಪ್ಪಿದರೂ ಪರೀಕ್ಷೆಗೆ ಕೂರಲು ಬಿಡುವುದಿಲ್ಲವೆಂದು ಕಾಲೇಜಿನಿಂದ ಪತ್ರ ಬಂದಿತ್ತು. ಆ ಪತ್ರವನ್ನು ಅವ್ವನಿಗೆ ಓದಿ ಹೇಳಿದವಳು ನಾನು. ಅವ್ವ ಕಾಲಿಗೆ ಬಟ್ಟೆ ಸುತ್ತಿಕೊಂಡು ಬಿಂದಿಗೆ ಎತ್ತಲು ಹೋದರು. ತಂಗಿ ಕಸಿದುಕೊಂಡಳು.

ಕೊಳವೆಯನ್ನು ಓಣಿಯೊಳಕ್ಕೆ ಮುಂದುವರಿಸಬೇಕೆಂಬ ಅರ್ಜಿ ಬರೆಸಿದವರು ಟೈಲರ್ ಮೆಂಬ್ರೇ. ಕೊಳವೆ ದಾಸ್ತಾನಿನಲ್ಲಿತ್ತು, ಸಭೆಯ ಒಪ್ಪಿಗೆ ಮಾತ್ರ ಬೇಕಿತ್ತು. ಆ ತಿಂಗಳ ಕಾರ್ಯಸೂಚಿಯಲ್ಲಿ ಒಂಬತ್ತನೆಯ ವಿಷಯವಾಗಿ ಅದನ್ನು ಸೇರಿಸಲು ಮುಖ್ಯಾಧಿಕಾರಿಗಳು ನನಗೆ ಹೇಳಿದರು. ನಾನು ಕಾರ್ಯಸೂಚಿಯನ್ನು ಮೂರು ಸಲ ಬೆರಳಚ್ಚು ಮಾಡಿದೆ. ಒಂದೂ ತಪ್ಪಿರಬಾರದೆಂಬ ಹಟ. ಮೂರನೆಯ ಸಲ ಒಂಬತ್ತನೆಯ ವಿಷಯವೇ ಬಿಟ್ಟುಹೋಯಿತು. ಹತ್ತನೆಯದು ಒಂಬತ್ತಾಗಿ ಕುಳಿತಿತು. ಪ್ರತಿಗಳು ಎಲ್ಲ ಸದಸ್ಯರಿಗೂ ಹೋದವು. ಯಾರೂ ಗಮನಿಸಲಿಲ್ಲ. ಸಭೆ ನಡೆಯಿತು. ಅಧ್ಯಕ್ಷರಿಗೆ ಯಳಂದೂರಿನಲ್ಲಿ ಮದುವೆಯಿದ್ದುದರಿಂದ ಬೇಗ ಮುಗಿಯಿತು. ಟೈಲರ್ ಮೆಂಬ್ರು ಅಂದು ಹೊಲಿಗೆಯ ಅವಸರದಲ್ಲಿ ಬರೆದಷ್ಟನ್ನು ಓದಿ, ಬಿಟ್ಟುಹೋದದ್ದನ್ನು ಗಮನಿಸದೆ, ಸಹಿ ಹಾಕಿ, ಗೆರೆ ಎಳೆದು ಹೋದರು. ಅರ್ಜಿದಾರರಿಗೆ ಕಳಿಸುವ ಹಿಂಬರಹಗಳನ್ನು ಸಿದ್ಧಪಡಿಸಲು ಕುಳಿತಾಗ ನಮ್ಮ ಓಣಿಯ ಅರ್ಜಿ ಕೈಗೆ ಬಂತು. ಕಾರ್ಯಸೂಚಿ ತೆಗೆದು ನೋಡಿದರೆ ಅದು ಅಲ್ಲಿರಲಿಲ್ಲ.

ಮರುದಿನ ಬೆಳಿಗ್ಗೆ ಅಧ್ಯಕ್ಷರಿಗೆ ಹೇಳಿದೆ. ಅವರು ಒಳ್ಳೆಯವರೇ, ಒಂದು ಸಾಲು ತಾನೇ, ಸೇರಿಸಿಬಿಡಿ, ಯಾರು ಬೇಡ ಅಂತಾರೆ ಎಂದರು. ಮುಖ್ಯಾಧಿಕಾರಿಗಳು ಟೈಲರ್ ಮೆಂಬ್ರು ಒಪ್ಪಿದರೆ ತಮ್ಮ ಅಭ್ಯಂತರವಿಲ್ಲ ಎಂದರು. ಗೆರೆ ಎಳೆದ ಪುಟದ ಮುಂದಿನ ಪುಟದಲ್ಲಿ ನಿರ್ಣಯ ಬರೆದು, ಅದರ ಕೆಳಗೆ ಅವರ ಇನ್ನೊಂದು ಸಹಿ ಆಗಿದ್ದರೆ ಸಾಕಿತ್ತು; ಉಳಿದವರ ಸಹಿ ಸಭೆಯ ಆರಂಭದಲ್ಲೇ ಆಗಿತ್ತು. ನಾನು ನಡಾವಳಿಯ ಪುಸ್ತಕವನ್ನು ಎದೆಗವಚಿಕೊಂಡು ಅಂಗಡಿಗೆ ಹೋದೆ. ಮದುವೆಯ ಕಾಲ, ರವಿಕೆಗಳು ಅವರ ಸುತ್ತ ರಾಶಿ ಬಿದ್ದಿದ್ದವು. ನಡೆದದ್ದನ್ನು ಹೇಳಿದೆ. ಅವರ ಕಾಲು ನಿಂತಿತು.

"ಸಭೇಲಿ ಯಾರಾರ ಆ ಮಾತ ಆಡುದ್ರಾ?"

ಇಲ್ಲ ಎಂದೆ.

"ಆಡ್ದೆ ಇರೋ ಮಾತ ಆಡವ್ರ ಅಂತ ಬರೆಯಾಕ ಆಯ್ತದ?"

ಎಲ್ಲರೂ ಒಪ್ಪುತ್ತಾರೆ, ಅಧ್ಯಕ್ಷರೇ ಹೇಳಿದ್ದಾರೆ ಎಂದೆ. ಅವ್ವನ ಕಾಲಿನ ವಿಷಯ, ತಂಗಿಯ ಪತ್ರದ ವಿಷಯ ಹೇಳಿದೆ. ಅಷ್ಟು ಹೇಳುವ ಹೊತ್ತಿಗೆ ನನಗೆ ಅಳು ಬಂದಿತ್ತು. ಅವರು ನನ್ನತ್ತ ನೋಡದೆ ಕೈಯಲ್ಲಿದ್ದ ರವಿಕೆಯ ದಾರ ಕತ್ತರಿಸಿದರು.

"ಕೂಸೇ, ನಿಮ್ಮ ಓಣಿಗ ನೀರು ಬರ್ಲಿ ಅಂತ ಅರ್ಜಿ ಬರೆಸ್ದವ್ನೇ ನಾನು. ನಂಗ ಬ್ಯಾಡ್ವಾ? ಆದ್ರ ನಾಳ ಯಾವನಾರ ಆ ನೀರ ನಿಲ್ಲುಸ್ಬೇಕು ಅಂದ್ರ ಮೊದ್ಲು ಈ ಪುಟ ತಗೀತಾನ. ನೀರೂ ಓಯ್ತದ, ನಿನ್ ಕೆಲ್ಸಾನೂ ಓಯ್ತದ."

ಮುಂದಿನ ಸಭೆಗೆ ಒಂದು ತಿಂಗಳಿದೆ, ಅಷ್ಟರಲ್ಲಿ ತಂಗಿಯ ವರ್ಷ ಹೋಗುತ್ತದೆ ಎಂದೆ. ಅವರು ರವಿಕೆಯ ದಾರಕ್ಕೆ ಗಂಟು ಹಾಕುತ್ತ ಕುಳಿತರು. ನಾನು ಜೀವನದಲ್ಲಿ ಯಾರ ಮೇಲಾದರೂ ನಿಜವಾದ ಕೋಪ ಮಾಡಿಕೊಂಡಿದ್ದರೆ ಅದು ಆ ಹೊತ್ತು, ಅವರ ಮೇಲೆ. ಆಮೇಲೆ ಅವರು ಎದ್ದು, ಕಾಯಿದೆಯ ಪುಸ್ತಕ ಇಳಿಸಿ, ಒಂದು ಪುಟ ತೆರೆದು ನನ್ನ ಕೈಗೆ ಕೊಟ್ಟು ಓದಲು ಹೇಳಿದರು. ಸದಸ್ಯರಲ್ಲಿ ಮೂರನೇ ಒಂದು ಪಾಲಿಗೆ ಕಡಿಮೆಯಿಲ್ಲದ ಮಂದಿ ಬರೆದು ಕೇಳಿದರೆ ಅಧ್ಯಕ್ಷರು ವಿಶೇಷ ಸಭೆ ಕರೆಯಬೇಕು ಎಂದು ಅದರಲ್ಲಿತ್ತು.

"ಐದು ಸೈನು" ಎಂದರು. "ನಂದು ಒಂದು. ಇನ್ನು ನಾಕು."

ಮೊದಲು ಅಧ್ಯಕ್ಷರ ಮನೆಗೇ ಹೋಗಿ, ನೀವೇ ಒಂದು ವಿಶೇಷ ಸಭೆ ಕರೆಯಿರಿ ಎಂದು ಕೇಳಿದರಂತೆ. ಒಂದು ಸಾಲಿಗೆ ಸಭೆಯೇಕೆ, ಬರೆದುಕೊಳ್ಳಿ ಎಂದು ಅವರು ಮತ್ತೆ ಅದನ್ನೇ ಹೇಳಿದರು. ಹಾಗಾಗಿ ಇವರು ಮದುವೆ ಸುಗ್ಗಿಯಲ್ಲಿ ಅಂಗಡಿಯ ಬಾಗಿಲು ಹಾಕಿ, ಮನವಿಯನ್ನು ರವಿಕೆಯ ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಸದಸ್ಯರ ಮನೆ ಮನೆಗೆ ನಡೆದರು.

ಇಲ್ಲಿ ನಮ್ಮ ಊರಿನವರಷ್ಟೇ ಮಾಡಬಹುದಾದ ಒಂದು ತಪ್ಪು ನಡೆಯಿತು. ಒಬ್ಬ ಸದಸ್ಯ ಕೈಯಲ್ಲಿ ಕಾಗದ ಹಿಡಿದು ಇನ್ನೊಬ್ಬ ಸದಸ್ಯನ ಮನೆಗೆ ಹೋದರೆ ಅದು ಅಧ್ಯಕ್ಷರ ಮೇಲಿನ ಅವಿಶ್ವಾಸಕ್ಕೇ ಎಂಬುದು ಊರಿಗೆ ಗೊತ್ತಿದ್ದ ಸಂಗತಿ. ನಲ್ಲಿಗಾಗಿ ಯಾರಾದರೂ ಸಹಿ ಸಂಗ್ರಹಿಸುತ್ತಾರೆಯೇ? ನಲ್ಲಿ ನೆಪ, ಒಳಗೆ ಬೇರೇನೋ ಇದೆ ಎಂದು ಸಂಜೆಯ ಹೊತ್ತಿಗೆ ಟೀ ಅಂಗಡಿಗಳಲ್ಲೆಲ್ಲ ಮಾತಾಯಿತು. ಅಧ್ಯಕ್ಷರ ಕಡೆಯವರು ಗಾಬರಿಯಾದರು. ಅವರದಲ್ಲದೆ ಮೂರು ಸಹಿ ಸಿಕ್ಕಿದ್ದವು. ನಾಲ್ಕನೆಯದನ್ನು ಬೆಳಿಗ್ಗೆ ಹಾಕಿಕೊಡುತ್ತೇನೆ ಎಂದಿದ್ದ ಬಾಳೆ ವ್ಯಾಪಾರದ ಸದಸ್ಯರು ಬೆಳಿಗ್ಗೆ ಮನೆಯಲ್ಲಿರಲಿಲ್ಲ. ಅವರನ್ನೂ ಇನ್ನೊಬ್ಬರನ್ನೂ ಕಾರಿನಲ್ಲಿ ಹನೂರಿನ ಆಚೆಗೆ, ಬೆಟ್ಟಕ್ಕೆ ಕರೆದುಕೊಂಡು ಹೋಗಿ ಕೊಠಡಿ ಮಾಡಿ ಇರಿಸಿದ್ದರು. ಫೋನುಗಳು ಬಂದ್. ಊರಿನಲ್ಲಿ ಉಳಿದವರು ಹೆದರಿ ಬಾಗಿಲು ತೆಗೆಯಲಿಲ್ಲ.

ಟೈಲರ್ ಮೆಂಬ್ರು ಊರಿನಲ್ಲಿ ವಿಚಾರಿಸಿಕೊಂಡು ಬೆಟ್ಟದ ಬಸ್ಸು ಹತ್ತಿದರು. ಮುಂದಿನದನ್ನು ಆ ಬಾಳೆ ವ್ಯಾಪಾರದ ಸದಸ್ಯರೇ ಎಷ್ಟೋ ಸಲ ಕಚೇರಿಯಲ್ಲಿ ಕುಳಿತು ಹೇಳಿ ನಗಿಸಿದ್ದಾರೆ. ಕೊಠಡಿಯ ಬಾಗಿಲು ಬಡಿದದ್ದು ಕೇಳಿ ತಿಂಡಿ ಬಂತೆಂದು ಅವರು ತೆಗೆದರೆ, ಎದುರಿಗೆ ಇವರು.

"ಮೆಂಬ್ರೇ, ನಿಮ್ಮನ್ನೂ ಎತ್ತಾಕಂಡು ಬಂದ್ಬುಟ್ರಾ?"

"ಇಲ್ಲ ಕಣಪ್ಪ, ನಾನು ಬಸ್ಸಲ್ಲಿ ಬಂದಿ. ಆ ನಲ್ಲಿದು ಒಂದು ಸೈನು ಬಾಕಿ ಇತ್ತಲ್ಲ."

ಅಲ್ಲಿ ಕಾವಲಿಗಿದ್ದ ಯುವಕ ಮನವಿಯನ್ನು ಎರಡು ಸಲ ಓದಿದನಂತೆ. ಅಧ್ಯಕ್ಷರ ಹೆಸರು ಎಲ್ಲೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಫೋನಿನಲ್ಲಿ ಕೇಳಿ, ಕೊನೆಗೆ ತನ್ನದೇ ಪೆನ್ನು ಕೊಟ್ಟನಂತೆ. ಇಬ್ಬರೂ ಸಹಿ ಹಾಕಿದರು. ಆರು ಸಹಿಯಾದವು. ಸಂಜೆ ಬಸ್ ಇಳಿದವರೇ ಕಚೇರಿಗೆ ಬಂದು ಮನವಿಯನ್ನು ಅಧ್ಯಕ್ಷರಿಗೆ ಕೊಟ್ಟರು.

"ನಿಜವಾಗ್ಲೂ ನಲ್ಲಿಗೇ ಏನ್ರೀ?" ಎಂದು ಅಧ್ಯಕ್ಷರು ಕೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ.

"ನಲ್ಲಿಗೇ ಕಣ್ರಿ."

ನೋಟಿಸಿನ ಅವಧಿ ಮುಗಿಸಿ ವಿಶೇಷ ಸಭೆ ಸೇರಿತು. ಒಂದೇ ವಿಷಯ. ಬೆಟ್ಟದ ಖರ್ಚು, ಓಡಾಟ ಎಲ್ಲವೂ ಮನಸ್ಸಿನಲ್ಲಿದ್ದ ಒಬ್ಬ ಹಿರಿಯ ಸದಸ್ಯರು, ಇಷ್ಟಕ್ಕೆಲ್ಲ ಕಾರಣವಾದ ತಪ್ಪು ಯಾರದೆಂದು ತಿಳಿಯಬೇಕು, ಕಾರ್ಯಸೂಚಿ ಮಾಡಿದವರು ಯಾರು ಎಂದು ಕೇಳಿದರು. ಹೊರಗುತ್ತಿಗೆಯವಳನ್ನು ನಾಳೆಯಿಂದ ಬರಬೇಡ ಎನ್ನಲು ಒಂದು ಫೋನು ಸಾಕು. ನಾನು ಎದ್ದು ನಿಲ್ಲಬೇಕೆಂದು ಪೆನ್ನು ಕೆಳಗಿಟ್ಟೆ.

ಅದಕ್ಕೂ ಮೊದಲೇ ಟೈಲರ್ ಮೆಂಬ್ರು ಎದ್ದಿದ್ದರು. ಅಂದು ಟೇಪು ಕೊರಳಿನಲ್ಲೇ ಇತ್ತು. ಯಾರೂ ಹಾಸ್ಯ ಮಾಡಲಿಲ್ಲ.

"ಕಾರ್ಯಸೂಚಿ ಸಭೆಗ ಮುಂಚೇನೆ ನಮ್ಮನಿಗ ಬಂದಿತ್ತು" ಎಂದರು. "ಓದ್ಕಂಡು ಬರೋದು ನನ್ ಕೆಲ್ಸ. ನನ್ ವಾರ್ಡಿಂದೇ ವಿಷಯ. ರವ್ಕ ರಾಶಿ ಬಿದ್ದಿತ್ತು, ಓದ್ನಿಲ್ಲ. ಓದಿದ್ರ ಅವತ್ತೇ ಯೋಳಿ ಸೇರುಸ್ತಿದ್ದಿ. ಟೈಪ್ ಮಾಡೋರ ಕೈ ತಪ್ಪುತ್ತ ಅಂತಾನೇ ನಮ್ಮನ್ನ ಕುಂಡ್ರಸಿರದು. ಇದು ನನ್ ತಪ್ಪು. ಅಂಗೇ ಬರ್ಕಳಿ."

ಬೆರಳಚ್ಚಿನಲ್ಲಿ ವಿಷಯ ಬಿಟ್ಟವಳು ನಾನು ಎಂದು ಆಮೇಲೆ ನಾನೂ ಎದ್ದು ಹೇಳಿದೆ. ನನ್ನ ಧ್ವನಿ ಎಷ್ಟು ಜನರಿಗೆ ಕೇಳಿಸಿತೋ ಕಾಣೆ. ಅಧ್ಯಕ್ಷರು ಆಯಿತು ಕೂತ್ಕೊಳ್ಳಮ್ಮ ಎಂದರು. ಸಿಬ್ಬಂದಿಯ ಮಾತನ್ನು ನಡಾವಳಿಯಲ್ಲಿ ಬರೆಯುವ ಪದ್ಧತಿಯಿಲ್ಲವಾದ್ದರಿಂದ ನನ್ನ ತಪ್ಪು ಎಲ್ಲೂ ದಾಖಲಾಗಿಲ್ಲ. ವಾರ್ಡಿನ ಸದಸ್ಯರು ಕಾರ್ಯಸೂಚಿಯನ್ನು ಓದದೆ ಬಂದುದಕ್ಕಾಗಿ ವಿಷಾದಿಸಿದರು ಎಂಬ ಸಾಲು ನನ್ನದೇ ಅಕ್ಷರದಲ್ಲಿ ಇಂದಿಗೂ ಇದೆ. ಅದನ್ನು ಬರೆಯುವಾಗ ಇನ್ನೊಮ್ಮೆ ಯೋಚಿಸಿ ಎಂದು ಮೆಲ್ಲಗೆ ಕೇಳಿದೆ. ಅವರು ಬೆರಳಿಟ್ಟು ಓದಿ, ಸಹಿ ತಾಗಿಸಿ ಹಾಕಿ, ಕೆಳಗಿನ ಖಾಲಿ ಜಾಗಕ್ಕೆ ಗೆರೆ ಎಳೆದರು.

ಆ ಗೆರೆ ನನ್ನ ಮೇಲಿನ ಅಪನಂಬಿಕೆಯಲ್ಲ ಎಂಬುದು ನನಗೆ ಅಂದು ತಿಳಿಯಿತು. ಬರೆಯಿರಿ ಎಂದು ಯಾರು ಬಂದು ಒತ್ತಾಯಿಸಿದರೂ, ಜಾಗವೇ ಇಲ್ಲ ಎಂದು ನಾನು ಹೇಳಬಹುದಿತ್ತು. ಅಷ್ಟು ವರ್ಷ ಅದು ನನ್ನನ್ನು ಕಾಯುತ್ತಿತ್ತು.

ಮುಂದಿನ ಚುನಾವಣೆಯಲ್ಲಿ ವಾರ್ಡು ಮಹಿಳಾ ಮೀಸಲಾಯಿತು. ಅವರು ಅಂಗಡಿಗೆ ಮರಳಿದರು. ನಾನು ಎದುರಾದಾಗಲೆಲ್ಲ, ಪಂಚಾಯ್ತಿ ಹೇಗಿದೆ ಎಂದು ಕೇಳದೆ, ಅವ್ವನ ಕಾಲು ಹೇಗಿದೆ ಎಂದು ಕೇಳುತ್ತಿದ್ದರು. ತಂಗಿಯ ವಿಷಯವನ್ನು ಒಮ್ಮೆಯೂ ಕೇಳಲಿಲ್ಲ. ಕೇಳಲು ಅವರಿಂದ ಆಗುತ್ತಿರಲಿಲ್ಲ ಎಂದು ನನಗೆ ಅನಿಸುತ್ತದೆ. ಅವಳಾಗಿಯೇ ಒಂದು ದಿನ ಅಂಗಡಿಗೆ ಹೋಗಿ, ನರ್ಸಿಂಗ್ ಸಮವಸ್ತ್ರದ ಅಳತೆ ಕೊಟ್ಟು ಬಂದಳು. ಹೊಲಿದದ್ದಕ್ಕೆ ಅವರು ಕೂಲಿ ತೆಗೆದುಕೊಳ್ಳಲಿಲ್ಲ.

ನಮ್ಮ ಮನೆಯಲ್ಲಿ ಆದ ಬದಲಾವಣೆ ಇಷ್ಟು. ವಿಶೇಷ ಸಭೆ ನಡೆದು, ಕೊಳವೆ ಹಾಕಿ, ಓಣಿಗೆ ನೀರು ಬರುವ ಹೊತ್ತಿಗೆ ತಂಗಿಯ ಹಾಜರಾತಿ ನಾಲ್ಕು ದಿನ ಕಡಿಮೆಯಾಗಿತ್ತು. ಆ ವರ್ಷ ಅವಳನ್ನು ಪರೀಕ್ಷೆಗೆ ಕೂರಿಸಲಿಲ್ಲ. ನಾನು ಅಂದು ಆ ಸಾಲು ಬರೆದಿದ್ದರೆ ಕೂರುತ್ತಿದ್ದಳು. ಮರುವರ್ಷ ಬರೆದು ಉತ್ತೀರ್ಣಳಾದಳು. ಈಗ ನರ್ಸಿಂಗ್ ಮುಗಿಸಿ ಕೊಳ್ಳೇಗಾಲದಲ್ಲಿ ಕೆಲಸದಲ್ಲಿದ್ದಾಳೆ. ನಾನು ಅದೇ ಕೆಲಸದಲ್ಲಿ ಮುಂದುವರಿದಿದ್ದೇನೆ. ಅವ್ವನ ಮೊಣಕಾಲಿನ ಊತ ಇಳಿದಿದೆ, ನೋವು ಪೂರ್ತಿ ಹೋಗಿಲ್ಲ. ನಲ್ಲಿ ಬಾಗಿಲಿನ ಪಕ್ಕದಲ್ಲೇ ಇದೆ. ನಮ್ಮ ಮನೆಯಲ್ಲಿ ಈಗ ನೀರು ಹೊರುವವರು ಯಾರೂ ಇಲ್ಲ.